ಬಣ್ಣದ ಸೀಮೆಸುಣ್ಣದಿಂದ ಬಣ್ಣದ ಅಕ್ಷರಗಳವರೆಗೆ



ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲೆಗಳಲ್ಲಿ ನನ್ನೆದುರು ಕುಳಿತು ಕನ್ನಡ ಕಲಿತವರಲ್ಲಿ ಹಲವರು ಈಗ ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವ ವೃತ್ತಿಯಲ್ಲಿದ್ದೀರಿ. ನಿಮ್ಮ ಕಪ್ಪು ಪರದೆಯ ಮೇಲೆ ಹಳದಿ, ಹಸಿರು, ನೀಲಿ ಅಕ್ಷರಗಳು ಮೂಡುವುದನ್ನು ಕಂಡ ಮನೆಯ ಹಿರಿಯರು ಅದನ್ನು ಅಲಂಕಾರವೆಂದು ಭಾವಿಸುವುದುಂಟು. ವಾಸ್ತವವಾಗಿ ಅಲ್ಲಿ ನಡೆಯುತ್ತಿರುವುದು ವ್ಯಾಕರಣದ ಕೆಲಸ. ಅದರ ಇತಿಹಾಸವನ್ನು ಕನ್ನಡ ಮೇಷ್ಟರೊಬ್ಬರು ಬರೆದರೆ ತಪ್ಪಾಗಲಾರದು ಎಂದು ಭಾವಿಸಿದ್ದೇನೆ.

ಕರಿಹಲಗೆಯ ಮೇಲೆ ಕರ್ತೃಪದಕ್ಕೆ ಒಂದು ಬಣ್ಣ, ಕರ್ಮಪದಕ್ಕೆ ಇನ್ನೊಂದು, ಕ್ರಿಯಾಪದಕ್ಕೆ ಮತ್ತೊಂದು ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ವಾಕ್ಯ ಬದಲಾಗುತ್ತಿರಲಿಲ್ಲ; ಅದರೊಳಗಿನ ರಚನೆ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಹಳೆಯ ಶಾಸನಗಳನ್ನು ನೋಡಿ. ಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಸಾಲಾಗಿ ಸಾಗುತ್ತವೆ. ಎಲ್ಲಿ ಪದ ಮುಗಿಯಿತು, ಎಲ್ಲಿ ವಿಭಕ್ತಿ ಸೇರಿತು ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅಂತಹ ಸಂಪಾದಕರ ಶ್ರಮದ ದೊಡ್ಡ ಪಾಲು ಪದಚ್ಛೇದವೇ ಆಗಿತ್ತು. ಕಲ್ಲು ಹಾಗೆಯೇ ಉಳಿಯಿತು, ಓದುವವನಿಗೆ ದಾರಿ ತೆರೆಯಿತು.

ಕಂಪ್ಯೂಟರಿನ ಆದಿಕಾಲದ ಪರದೆಯೂ ಒಂದು ಬಗೆಯ ಶಿಲಾಶಾಸನವೇ. ಬಿಲ್ ಜಾಯ್ ಎಂಬುವವರು ಬರ್ಕ್ಲಿಯಲ್ಲಿ 1976ರಲ್ಲಿ ‘ವಿಐ’ ಎಂಬ ಬರವಣಿಗೆಯ ಸಾಧನವನ್ನು, ಅಂದರೆ ಎಡಿಟರನ್ನು, ರೂಪಿಸಿದರು. ಅವರು ಬಳಸಿದ ಟರ್ಮಿನಲ್‌ಗೆ ಒಂದೇ ಬಣ್ಣ. 1978ರಲ್ಲಿ ಬಂದ ಪ್ರಸಿದ್ಧ ವಿಟಿ-100 ಟರ್ಮಿನಲ್ಲೂ ಏಕವರ್ಣದ್ದೇ. ಆದರೆ ಅದೇ ದಶಕದ ಕೊನೆಗೆ ಟರ್ಮಿನಲ್‌ಗಳಿಗೆ ಆದೇಶ ನೀಡುವ ಸಂಕೇತಗಳು ಅಮೆರಿಕದಲ್ಲಿ ಒಂದು ಮಾನಕವಾಗಿ ನೆಲೆಗೊಂಡವು. ಇಂತಹ ಸಂಕೇತಗಳಲ್ಲಿ ಕಪ್ಪು, ಕೆಂಪು, ಹಸಿರು, ಹಳದಿ ಮುಂತಾದ 8 ಬಣ್ಣಗಳಿಗೆ 30ರಿಂದ 37ರವರೆಗಿನ ಅಂಕಿಗಳು ಮೀಸಲಾದವು. 31 ಎಂದರೆ ಕೆಂಪು, 32 ಎಂದರೆ ಹಸಿರು. ಇಂದಿಗೂ ನಿಮ್ಮ ಟರ್ಮಿನಲ್ ಈ ಅಂಕಿಗಳನ್ನು ಪಾಲಿಸುತ್ತದೆ. ಮುಂದೆ ಬಣ್ಣಗಳು 16 ಆದವು, 256 ಆದವು. ಈಗ 1,67,77,216 ಬಣ್ಣಗಳವರೆಗೆ ತೋರಿಸಬಲ್ಲ ಟರ್ಮಿನಲ್‌ಗಳಿವೆ.

ಪಠ್ಯದ ರಚನೆಗೆ ತಕ್ಕಂತೆ ಬಣ್ಣ ಕೊಟ್ಟ ಮೊದಲ ಎಡಿಟರುಗಳಲ್ಲಿ ಒಂದು ಹುಟ್ಟಿದ್ದು ನಿಘಂಟಿನ ಕೆಲಸಕ್ಕಾಗಿ ಎಂಬುದು ಭಾಷಾ ಶಿಕ್ಷಕನಾದ ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಐಬಿಎಂ ಸಂಸ್ಥೆಯ ಮೈಕ್ ಕೌಲಿಶಾ ಅವರು 1985ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ ‘ಲೆಕ್ಸ್’ ಎಂಬ ಎಡಿಟರನ್ನು ರಚಿಸಿದರು. ಕಿಟ್ಟೆಲರ 1894ರ ನಿಘಂಟನ್ನು ತೆರೆದವರಿಗೆ ಗೊತ್ತು: ಮುಖ್ಯಪದ, ವ್ಯಾಕರಣ ಸೂಚನೆ, ಅರ್ಥ, ಪ್ರಯೋಗ ಎಲ್ಲವೂ ಒಂದೇ ಉಲ್ಲೇಖದಲ್ಲಿ ಇಕ್ಕಟ್ಟಾಗಿ ಸೇರಿರುತ್ತವೆ. ಇಂತಹ ಭಾಗಗಳನ್ನು ಬರೆಯುತ್ತಿರುವಾಗಲೇ ಬಣ್ಣದಿಂದ ಬೇರ್ಪಡಿಸಿ ತೋರಿಸುವುದು ಅದರ ವೈಶಿಷ್ಟ್ಯ. ಆ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಹೊರಬಂತು.

ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅವರು ‘ವಿಐ’ ಮಾದರಿಯಲ್ಲಿ ‘ವಿಮ್’ ಎಡಿಟರನ್ನು ಪ್ರಕಟಿಸಿದ್ದು 1991ರಲ್ಲಿ. ಕನ್ನಡ ಲಿಪಿಯೂ ಸೇರಿದ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ವಿಮ್‌ಗೆ ಬಣ್ಣ ಬಂದದ್ದು 1998ರ 5.0 ಆವೃತ್ತಿಯಲ್ಲಿ. ಇದರಲ್ಲಿ ಒಂದು ಜಾಣ್ಮೆಯಿದೆ. ಯಾವ ಪದ ಯಾವ ಜಾತಿಯದು, ಟಿಪ್ಪಣಿಯೋ, ಸ್ಥಿರಾಂಕವೋ, ಆದೇಶವೋ ಎಂಬುದನ್ನು ಒಂದು ಕಡತ ಹೇಳುತ್ತದೆ. ಯಾವ ಜಾತಿಗೆ ಯಾವ ಬಣ್ಣ ಎಂಬುದನ್ನು ಬೇರೊಂದು ಕಡತ ಹೇಳುತ್ತದೆ. ವ್ಯಾಕರಣ ಒಂದು ಕಡೆ, ಸೀಮೆಸುಣ್ಣ ಇನ್ನೊಂದು ಕಡೆ. ಮೂಲ ಬರಹಕ್ಕೆ ಬಣ್ಣ ತಗಲುವುದೇ ಇಲ್ಲ. ಹೀಗಾಗಿ ಒಂದೇ ಬರಹವನ್ನು ಇಬ್ಬರು ತಮ್ಮ ತಮ್ಮ ಕಣ್ಣಿಗೆ ಹಿತವಾದ ಬಣ್ಣಗಳಲ್ಲಿ ಓದಬಹುದು. 2023ರ ಆಗಸ್ಟ್‌ನಲ್ಲಿ ತೀರಿಕೊಂಡ ಮೂಲೆನಾರ್, ತಮ್ಮ ಎಡಿಟರ್ ತೆರೆದೊಡನೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ವಿನಂತಿ ಕಾಣುವಂತೆ ಮಾಡಿದ್ದರು. ಇಂಥವರ ಹೆಸರೂ ಮಕ್ಕಳಿಗೆ ತಿಳಿದಿರಬೇಕು.

ಇನ್ನು ಬಳಕೆಯ ಮಾತು. ಉಬುಂಟುವಿನಲ್ಲಿ ಮೊದಲಿಗೆ ಸಿಗುವುದು ಸಾಮಾನ್ಯವಾಗಿ ‘ಟೈನಿ’ ಎಂಬ ಕಿರು ಆವೃತ್ತಿ. ಅದರಲ್ಲಿ ಬಣ್ಣದ ಭಾಗವೇ ಇಲ್ಲದ್ದರಿಂದ ಪೂರ್ಣ ವಿಮ್ ಸ್ಥಾಪಿಸಿಕೊಳ್ಳಬೇಕು. ಬಳಿಕ ಮನೆ ಕಡತಕೋಶದಲ್ಲಿ ಚುಕ್ಕೆಯಿಂದ ಆರಂಭವಾಗುವ ‘ವಿಮ್‌ಆರ್‌ಸಿ’ ಎಂಬ ಕಡತ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಸಿಂಟ್ಯಾಕ್ಸ್ ಆನ್’ ಎಂದು ಬರೆದರೆ ಬಣ್ಣ ಬರುತ್ತದೆ. ಕಪ್ಪು ಪರದೆಯಾದರೆ ‘ಸೆಟ್ ಬ್ಯಾಕ್‌ಗ್ರೌಂಡ್’ ಎಂದು ಬರೆದು, ಸಮಚಿಹ್ನೆ ಹಾಕಿ ‘ಡಾರ್ಕ್’ ಎನ್ನಬೇಕು. ಇಲ್ಲವಾದರೆ ಟಿಪ್ಪಣಿಗಳು ಕಪ್ಪಿನ ಮೇಲೆ ಗಾಢನೀಲಿಯಾಗಿ ಮುಳುಗಿಹೋಗುವ ಸಂಭವವುಂಟು. ‘ಕಲರ್‌ಸ್ಕೀಮ್ ಡೆಸರ್ಟ್’ ಎಂಬ ಮೂರನೆಯ ಸಾಲು ಒಂದು ಸೌಮ್ಯ ವರ್ಣಸಮೂಹವನ್ನು ತರುತ್ತದೆ.

ಆಯ್ಕೆಯಲ್ಲಿ ಕಣ್ಣೇ ಪ್ರಮಾಣ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಮಂಕಾಗುತ್ತದೆ. ಕೆಂಪು ಹಸಿರುಗಳ ಭೇದ ತಿಳಿಯದ ಹುಡುಗರು ಬಹುತೇಕ ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಅಂಥವರಿಗೆ ಬಣ್ಣದ ಜೊತೆಗೆ ದಪ್ಪಕ್ಷರ ಅಥವಾ ಅಡಿಗೆರೆಯನ್ನೂ ಸೇರಿಸಬಹುದು. ವಿಮ್‌ನ ‘ಹೈಲೈಟ್’ ಆದೇಶದಲ್ಲಿ ಅದಕ್ಕೆ ಅವಕಾಶವಿದೆ.

ಕನ್ನಡದ ಮಟ್ಟಿಗೆ ಒಂದು ಕೊರತೆಯಿದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಸಮನಾದ ಚೌಕ ಕೊಡುತ್ತದೆ. ನಮ್ಮ ಒತ್ತಕ್ಷರ, ಕೊಂಬು, ದೀರ್ಘಗಳು ಆ ಚೌಕಕ್ಕೆ ಹೊಂದದೆ ಅನೇಕ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ. ಪ್ರೋಗ್ರಾಮಿನ ಪದಗಳೂ ಇಂಗ್ಲಿಷಿನವೇ. ಆದ್ದರಿಂದಲೇ ಕನ್ನಡ ಮಾಧ್ಯಮದ ಮಗುವಿಗೆ ಬಣ್ಣ ಹೆಚ್ಚು ಬೇಕು. ಪೈಥಾನ್ ಪಾಠದಲ್ಲಿ ಉದ್ಧರಣ ಚಿಹ್ನೆ ಮುಚ್ಚಲು ಮರೆತರೆ ಮುಂದಿನ ಸಾಲುಗಳೂ ಅದೇ ಬಣ್ಣಕ್ಕೆ ತಿರುಗುತ್ತವೆ. ದೋಷವನ್ನು ಹೇಳುವ ಇಂಗ್ಲಿಷ್ ವಾಕ್ಯ ಅರ್ಥವಾಗದ ಮಗುವಿಗೂ ಎಲ್ಲಿ ಎಡವಿದೆನೆಂಬುದು ಆ ಕ್ಷಣವೇ ಕಾಣುತ್ತದೆ. ನಮ್ಮ ಕೆಂಪು ಶಾಯಿ ಬರುತ್ತಿದ್ದುದು ಪರೀಕ್ಷೆ ಮುಗಿದ ಮೇಲೆ; ಇದು ಬರೆಯುವಾಗಲೇ, ಯಾರೆದುರೂ ತಲೆತಗ್ಗಿಸದಂತೆ ತಿದ್ದುತ್ತದೆ.

ನಿಮ್ಮಲ್ಲಿ ಯಾರಾದರೂ ರಜೆಗೆ ಊರಿಗೆ ಬಂದಾಗ ಅಲ್ಲಿನ ಮಕ್ಕಳಿಗೆ ಹಳೆಯ ಲ್ಯಾಪ್‌ಟಾಪ್ ಕೊಡುವುದಾದರೆ, ಮೇಲೆ ಹೇಳಿದ ಮೂರು ಸಾಲುಗಳನ್ನೂ ಬರೆದುಕೊಟ್ಟು ಹೋಗಿ.