ಮುರಿದ ಮೂಳೆಗೆ ಕೇಳದ ಸದ್ದು

ಕೈಕಾಲು ಮುರಿದುಕೊಂಡವರಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಹೊಳಲ್ಕೆರೆಯಲ್ಲಿ ಅಡಕೆಯ ಮರ, ಹೊಸದುರ್ಗದಲ್ಲಿ ತೆಂಗಿನ ಮರ. ಹಿರಿಯೂರು, ಚಿತ್ರದುರ್ಗಗಳಲ್ಲಿ ಹೆದ್ದಾರಿ. ಬಿದ್ದವನು ಕೂಲಿಯವನಾದರೆ ಅವನು ಮೊದಲು ಕೇಳುವುದು ನೋವಿನ ಮಾತಲ್ಲ: “ಎಷ್ಟು ದಿನಕ್ಕೆ ಕೂಡುತ್ತದೆ, ಸ್ವಾಮಿ?” ಮೂಳೆಚಿಕಿತ್ಸೆಯ ಚರಿತ್ರೆಯೆಂದರೆ ಈ ಪ್ರಶ್ನೆಗೆ ಬಂದ ಉತ್ತರಗಳ ಚರಿತ್ರೆಯೆಂದೇ ನನಗೆ ತೋರುತ್ತದೆ.

ಮುರಿದ ಅಂಗಕ್ಕೆ ಅತ್ತಿ, ಅರಳಿ, ಆಲ, ಮುತ್ತುಗಗಳ ತೊಗಟೆಯನ್ನೂ ಬಿದಿರನ್ನೂ ಇಟ್ಟು ಕಟ್ಟಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕೆನ್ನುತ್ತದೆ. ನಮ್ಮ ಹಳ್ಳಿಗಳ ನಾಟಿ ವೈದ್ಯರು ಕಟ್ಟುವ ಬಿದಿರಿನ ದಬ್ಬೆ ಇದರ ಬಂಧುವೇ. ದಬ್ಬೆ ಮೂಳೆಯನ್ನು ಅಲುಗದಂತೆ ಹಿಡಿಯುತ್ತದೆ, ಅಷ್ಟೆ. ಕನ್ನಡ ಪಾಠ ಹೇಳುವ ನನಗೆ ‘ಮೂಳೆ ಕೂಡಿಕೊಂಡಿತು’ ಎಂಬ ನುಡಿ ಮೆಚ್ಚು. ಯಾರೋ ಕೂಡಿಸಿದರೆಂದು ಅದು ಹೇಳುವುದಿಲ್ಲ. ಕಟ್ಟು ಅತಿಬಿಗಿಯಾದರೆ ಮಾತ್ರ ರಕ್ತ ನಿಂತು ಅಂಗವೇ ಕೊಳೆಯುವುದುಂಟು. ಆ ಕಷ್ಟವನ್ನು ಮರೆತು ಹಳೆಯದನ್ನು ಹೊಗಳಬಾರದು.

ಬೇಗ ಕೂಡಲೆಂದು ಬಳಸಿದ್ದು ಮಂಗರಬಳ್ಳಿ. ಗೆಣ್ಣುಗೆಣ್ಣಾಗಿ ಸರಪಣಿಯಂತಿರುವ ಇದಕ್ಕೆ ಸಂಸ್ಕೃತದಲ್ಲಿ ಅಸ್ಥಿಶೃಂಖಲಾ ಎಂದೇ ಹೆಸರು. ದಕ್ಷಿಣ ಕನ್ನಡ ಮೂಲದ ಶಸ್ತ್ರವೈದ್ಯ ಕೆ. ಎನ್. ಉಡುಪರು ಕಾಶಿಯಲ್ಲಿ 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿ, ಮುರಿತ ಬೇಗ ವಾಸಿಯಾಗುತ್ತದೆಂದು ವರದಿ ಮಾಡಿದರು. 1965ರಲ್ಲಿ, ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ, ವೈದ್ಯಕೀಯ ಕಾಲೇಜು ಆರಂಭವಾಯಿತು.

ಇನ್ನೊಂದು ಉತ್ತರ ಬಂದದ್ದು ಬಹುದೂರದಿಂದ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡರು. ಮೊದಲ ಮಹಾಯುದ್ಧದಲ್ಲಿ ಲಾಂಜೆವಿನ್ ಅಂಥ ಹರಳಿನಿಂದಲೇ ಕಿವಿಗೆ ಕೇಳದ ಸದ್ದನ್ನು ಎಬ್ಬಿಸಿ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟರು. 1957ರಲ್ಲಿ ಜಪಾನಿನ ಫುಕಾಡ, ಯಸುದ ಎಂಬವರು ಮೂಳೆಗೂ ಆ ಹರಳಿನ ಗುಣವಿದೆಯೆಂದು ತೋರಿಸಿದರು. ಹಾಗಾದರೆ ಸದ್ದಿನಿಂದ ಮೂಳೆಯನ್ನು ಎಚ್ಚರಿಸಬಹುದಲ್ಲ! ಬ್ರೆಜಿಲಿನ ಡುವಾರ್ಟೆ 1983ರಲ್ಲಿ ಈ ದಾರಿಯ ಪ್ರಯೋಗಗಳನ್ನು ಪ್ರಕಟಿಸಿದರು. ನಮ್ಮೂರುಗಳಲ್ಲಿ ಅಲ್ಟ್ರಾಸೌಂಡ್ ಎಂದರೆ ಬಸುರಿಯರ ಸ್ಕ್ಯಾನಿಂಗ್, ಇದು ಬೇರೆ. ಸೆಕೆಂಡಿಗೆ ಹದಿನೈದು ಲಕ್ಷ ಕಂಪನ, ದಿನಕ್ಕೆ 20 ನಿಮಿಷ. ಚರ್ಮ ಬೆಚ್ಚಗೂ ಆಗದಷ್ಟು ಮೆಲ್ಲಗೆ.

1994ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ 67 ಮುರಿತಗಳಿದ್ದವು. ಅರ್ಧದಷ್ಟಕ್ಕೆ ನಿಜವಾದ ಯಂತ್ರ, ಉಳಿದವಕ್ಕೆ ಅದರಂತೆಯೇ ಕಾಣುವ ಸುಮ್ಮನಿರುವ ಯಂತ್ರ. ಸದ್ದು ತಾಗಿದವು ಸರಾಸರಿ 96 ದಿನಕ್ಕೆ ಕೂಡಿದವು, ತಾಗದವು 154ಕ್ಕೆ. ಐವತ್ತೆಂಟು ದಿನ! ಕೂಲಿಯ ಮನೆಯಲ್ಲಿ ಅದು ಎರಡು ತಿಂಗಳ ಅನ್ನ. ಅದೇ ವರ್ಷ ಅಮೆರಿಕ ಸರಕಾರ ಹೊಸ ಮುರಿತಗಳಿಗೆ ಇದನ್ನು ಒಪ್ಪಿತು.

ಆದರೆ 67 ಸಣ್ಣ ಸಂಖ್ಯೆ. ಅಮೆರಿಕ, ಕೆನಡಾಗಳಲ್ಲಿ 501 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2016ರಲ್ಲಿ ಹೊರಬಂತು. ಎಲ್ಲರಿಗೂ ಮೂಳೆಯೊಳಗೆ ಕಂಬಿ ಕೂರಿಸಿದ್ದರು. ಇಲ್ಲಿ ಎಕ್ಸ್‌ರೇ ನೋಡಿದ್ದಲ್ಲದೆ, ಕಾಲಿಗೆ ಪೂರ್ತಿ ಭಾರ ಹಾಕಿದ್ದು ಎಂದು, ಕೆಲಸಕ್ಕೆ ಮರಳಿದ್ದು ಎಂದು ಎಂಬುದನ್ನೂ ರೋಗಿಗಳಿಂದ ತಿಳಿದುಕೊಂಡರು. ನಮ್ಮ ಕೂಲಿಯವನ ಪ್ರಶ್ನೆಯೂ ಅದೇ ತಾನೆ. ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ಮಂಡಲಿ ಈ ಚಿಕಿತ್ಸೆ ಬೇಡವೆಂದು ಬಲವಾಗಿ ಸಲಹೆ ಮಾಡಿತು. ತಿಂಗಳುಗಟ್ಟಲೆ ಕೂಡದೆ ಉಳಿದ ಮೂಳೆಗಳಿಗೆ ಮಾತ್ರ ಅದನ್ನು ಇನ್ನೂ ಕೆಲವರು ಬಳಸುತ್ತಾರೆ. ಅಲ್ಲಿನ ವಾದ ಇನ್ನೂ ಮುಗಿದಿಲ್ಲ.