ಹೆಚ್ಚುವರಿ ಇಂಧನ ಯಾರ ಲೆಕ್ಕ?

2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅದೇ ತಿಂಗಳ 16ರಂದು ಅಮೆರಿಕದ ‘ಯುಎಸ್‌ಎ ಟುಡೇ’ ಪತ್ರಿಕೆಯಲ್ಲಿ ಪುಟ ತುಂಬ ಒಂದು ಜಾಹೀರಾತು ಬಂತು. ಕೊಟ್ಟವರು ಯುಎಸ್ ಏರ್‌ವೇಸ್ ಪೈಲಟ್‌ಗಳ ಸಂಘದವರು. ಇಂಧನ ಕಡಿಮೆ ತುಂಬಿಸಿಕೊಳ್ಳಿ ಎಂದು ಕಂಪನಿ ಹೆದರಿಸುತ್ತಿದೆ ಎಂಬುದು ಅವರ ದೂರು. ಉಳಿದವರಿಗಿಂತ ಹೆಚ್ಚು ಇಂಧನ ಒಯ್ಯುತ್ತಾರೆಂದು ಎಂಟು ಮಂದಿ ಹಿರಿಯ ಕ್ಯಾಪ್ಟನ್‌ಗಳನ್ನು ಇಂಧನ ಉಳಿತಾಯದ ತರಬೇತಿಗೆ ಕರೆಯಲಾಗಿತ್ತು. ಕಂಪನಿ ಆರೋಪವನ್ನು ತಳ್ಳಿಹಾಕಿತು.

ವಿಮಾನಯಾನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಅಪಘಾತಗಳ ಮೂಲಕ ಓದುತ್ತೇವೆ. ನನಗೆ ಮಾತ್ರ ಯಾರೂ ಸಾಯದ ಈ ಜಗಳ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಲೆಕ್ಕ ಸರಳ. ಊರು ಮುಟ್ಟಲು ಬೇಕಾದಷ್ಟು ಇಂಧನ. ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು. ಅದರ ಮೇಲೆ ಕೊನೆಯ ಮೀಸಲು. ಈ ಮೀಸಲು ಅಂತಾರಾಷ್ಟ್ರೀಯ ನಿಯಮದಂತೆ ಜೆಟ್ ವಿಮಾನಕ್ಕೆ 30 ನಿಮಿಷದ್ದು, ಅಮೆರಿಕದ ಒಳನಾಡಿನ ಹಾರಾಟಕ್ಕೆ 45 ನಿಮಿಷದ್ದು. ಮಂಜು, ಮಳೆ, ದಟ್ಟಣೆ ನೋಡಿ ಕ್ಯಾಪ್ಟನ್ ಇನ್ನಷ್ಟು ಕೇಳಬಹುದು. ಜಗಳವೆಲ್ಲ ಈ ‘ಇನ್ನಷ್ಟು’ ಕುರಿತದ್ದು.

ಕಂಪನಿಗಳ ವಾದ ಪೂರ್ತಿ ಸುಳ್ಳಲ್ಲ. ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು. ದೂರದ ಹಾರಾಟದಲ್ಲಿ ಹೆಚ್ಚುವರಿಯ ಒಂದು ಪಾಲು ತನ್ನ ಭಾರಕ್ಕೇ ಉರಿದುಹೋಗುತ್ತದೆ. ಆದರೆ ಅದು ಬೇಕಿರಲಿಲ್ಲ ಎಂದು ಗೊತ್ತಾಗುವುದು ಕ್ಷೇಮವಾಗಿ ಇಳಿದ ಮೇಲೆ. ತೀರ್ಮಾನ ಮಾಡಬೇಕಾದದ್ದು ಏರುವ ಮೊದಲು.

ಒತ್ತಡವೂ ಆಜ್ಞೆಯ ರೂಪದಲ್ಲಿ ಬರುವುದು ಅಪರೂಪ. 2007ರಲ್ಲಿ ಕಾಂಟಿನೆಂಟಲ್ ಕಂಪನಿ ಪೈಲಟ್‌ಗಳಿಗೆ ಕಳಿಸಿದ ಸೂಚನೆಯಲ್ಲಿ, ವಿವೇಚನೆಯಿಲ್ಲದೆ ಇಂಧನ ಸೇರಿಸಿದರೆ ಲಾಭದ ಪಾಲೂ ಪಿಂಚಣಿ ನಿಧಿಯೂ ಕುಗ್ಗೀತು ಎಂಬ ಮಾತಿತ್ತು. ಯಾರೂ ‘ಬೇಡ’ ಎನ್ನುವುದಿಲ್ಲ. ಒಂದು ತರಬೇತಿ, ಒಂದು ಪಟ್ಟಿ, ಒಂದು ಸುತ್ತೋಲೆ ಸಾಕು. ಮುಂದಿನ ಸಲ ಅಂಕಿ ಬರೆಯುವಾಗ ಕೈ ತಾನೇ ಹಿಂಜರಿಯುತ್ತದೆ.

ಆ ಹಿಂಜರಿಕೆ ಎಲ್ಲಿಗೆ ಒಯ್ಯಬಹುದು? 2016ರ ನವೆಂಬರ್ 28ರ ರಾತ್ರಿ ಬ್ರೆಜಿಲಿನ ಶಾಪೆಕೊಯೆನ್ಸೆ ಫುಟ್‌ಬಾಲ್ ತಂಡವನ್ನು ಹೊತ್ತ ಲಾಮಿಯಾ ವಿಮಾನ ಬೊಲಿವಿಯಾದಿಂದ ಕೊಲಂಬಿಯಾದ ಮೆಡೆಲಿನ್‌ಗೆ ಹೊರಟಿತ್ತು. ಕಾಗದದ ಮೇಲೆ ಪ್ರಯಾಣದ ಅವಧಿ 4 ಗಂಟೆ 22 ನಿಮಿಷ. ಇಂಧನ ಬಾಳುವ ಅವಧಿಯೂ 4 ಗಂಟೆ 22 ನಿಮಿಷ! ಮೆಡೆಲಿನ್ ಹತ್ತಿರ ಇನ್ನೊಂದು ವಿಮಾನಕ್ಕೆ ಆದ್ಯತೆ ಕೊಡಬೇಕಾಗಿ ಬಂದು, ಇದು ಆಕಾಶದಲ್ಲೇ ಸುತ್ತು ಹಾಕುತ್ತ ಕಾಯಬೇಕಾಯಿತು. ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನದಲ್ಲಿದ್ದ 77 ಮಂದಿಯಲ್ಲಿ 71 ಮಂದಿ ಸತ್ತರು. ಬೆಟ್ಟಕ್ಕೆ ಬಡಿದ ವಿಮಾನ ಹೊತ್ತಿ ಉರಿಯಲಿಲ್ಲ. ಉರಿಯಲು ಟ್ಯಾಂಕಿನಲ್ಲಿ ಏನೂ ಉಳಿದಿರಲಿಲ್ಲ.

ಆ ವಿಮಾನದ ಕ್ಯಾಪ್ಟನ್ ಕಂಪನಿಯ ಮಾಲೀಕರಲ್ಲೂ ಒಬ್ಬ. ದುಡ್ಡಿನ ಲೆಕ್ಕ ನೋಡುವವನು, ‘ಇನ್ನಷ್ಟು ಬೇಕು’ ಎನ್ನಬೇಕಾದವನು ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಅಲ್ಲಿ ಜಗಳವೇ ಹುಟ್ಟಲಿಲ್ಲ.

ಅದಕ್ಕೇ ಆ ಎಂಟು ಮಂದಿಯ ಪ್ರಕರಣ ನನಗೆ ದೊಡ್ಡದೆನಿಸುತ್ತದೆ. ಅವರು ಕೇಳಿದ ಅಂಕಿಗಳಲ್ಲಿ ಕೆಲವು ಅತಿಯಾಗಿದ್ದಿರಬಹುದು. ಆದರೆ ಕಂಪನಿಯ ಲೆಕ್ಕಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಮಂಡಿಸುವ ಹಕ್ಕು ಪೈಲಟ್‌ನ ಕೈಯಲ್ಲಿ ಉಳಿಯಬೇಕು. ಆ ಹಕ್ಕಿಗೆ ಬೆಲೆ ಕಟ್ಟಲು ಹೊರಟರೆ, ಏನೂ ಆಗದ ಸಾವಿರ ಹಾರಾಟಗಳಲ್ಲಿ ಅದು ಬರೀ ನಷ್ಟದ ಬಾಬತ್ತಾಗಿಯೇ ಕಾಣುತ್ತದೆ.