ಎರಡು ಹೊಳೆಗಳ ಊರಿಗೆ ಎರಡು ಹೆಸರು

ಪುತ್ತೂರು ತಾಲೂಕಿನ ಉಪ್ಪಿನಂಗಡಿಯನ್ನು ಅರಿಯದವರು ಈ ಬರೆಹವನ್ನು ಓದುವ ನನ್ನ ಬಂಧುಗಳಲ್ಲಾಗಲಿ, ಹಳೆಯ ವಿದ್ಯಾರ್ಥಿಗಳಲ್ಲಾಗಲಿ ಇರಲಾರರು. ಬೆಂಗಳೂರಿಗೆ ಹೊರಟ ಬಸ್ಸು ಕುಮಾರಧಾರಾ ಸೇತುವೆಯನ್ನು ದಾಟಿದೊಡನೆ ಸಿಗುವ ಪೇಟೆ ಅದು. ಒಂದು ಮಗ್ಗುಲಲ್ಲಿ ಕುಮಾರಧಾರೆ, ಇನ್ನೊಂದು ಮಗ್ಗುಲಲ್ಲಿ ನೇತ್ರಾವತಿ. ಸಹಸ್ರಲಿಂಗೇಶ್ವರ ದೇವಾಲಯದ ಬಳಿ ಇವೆರಡೂ ಕೂಡಿ, ಅಲ್ಲಿಂದ ಮುಂದೆ ನೇತ್ರಾವತಿಯೆಂಬ ಒಂದೇ ಹೆಸರಿನಲ್ಲಿ ಮಂಗಳೂರಿನ ಕಡಲಿನತ್ತ ಸಾಗುತ್ತವೆ. ಹೊಳೆಗಳೆರಡು ಕೂಡಿ ಒಂದು ಹೆಸರಾದವು. ಆದರೆ ಊರು ಮಾತ್ರ ಎರಡು ಹೆಸರುಗಳನ್ನು ಉಳಿಸಿಕೊಂಡಿತು. ಕನ್ನಡದಲ್ಲಿ ಅದು ಉಪ್ಪಿನಂಗಡಿ, ತುಳುವಿನಲ್ಲಿ ಉಬಾರ್. ಒಂದು ಮತ್ತೊಂದರ ಅನುವಾದವಲ್ಲ. ಒಂದೇ ನೆಲವನ್ನು ಇಬ್ಬರು ಎರಡು ಬಗೆಯಲ್ಲಿ ನೋಡಿದ ನೆನಪುಗಳು ಅವು.

ಮೊದಲು ಉಪ್ಪನ್ನು ನೋಡೋಣ. ಘಟ್ಟದ ಮೇಲಿನವರಿಗೆ ಬೇಕಾದುದೆಲ್ಲವೂ ಅವರ ನೆಲದಲ್ಲೇ ಬೆಳೆಯುತ್ತಿತ್ತು, ಉಪ್ಪೊಂದನ್ನು ಬಿಟ್ಟು. ಅದು ಕಡಲ ಕಡೆಯಿಂದಲೇ ಬರಬೇಕು. ದೋಣಿ ಸಾಗುವಷ್ಟು ದೂರ ದೋಣಿಯಲ್ಲಿ, ಮುಂದೆ ಹೇರೆತ್ತುಗಳ ಬೆನ್ನಿನಲ್ಲಿ ಉಪ್ಪು ಮೂಡಣ ದಿಕ್ಕಿಗೆ ಸಾಗಿತು. ಶಿರಾಡಿಯ ಕಡೆಗೂ ಸುಬ್ರಹ್ಮಣ್ಯ, ಬಿಸಿಲೆಯ ಕಡೆಗೂ ದಾರಿ ಕವಲೊಡೆಯುವ ನೆಲದಲ್ಲಿ ಉಪ್ಪಿನ ವ್ಯಾಪಾರ ನೆಲೆನಿಂತದ್ದು ಸಹಜ. ಬೆಳ್ತಂಗಡಿ, ಹೊಸಂಗಡಿ ಮೊದಲಾದ ಹೆಸರುಗಳನ್ನು ಇದರೊಡನೆ ಇಟ್ಟು ನೋಡಿರಿ. ನಮ್ಮ ಜಿಲ್ಲೆಯಲ್ಲೂ ನೆರೆಯ ಕಾಸರಗೋಡಿನಲ್ಲೂ ಅಂಗಡಿಯೇ ಊರಾದ ಬಗೆ ತಿಳಿಯುತ್ತದೆ.

ಉಪ್ಪು ಬರಿಯ ರುಚಿಯ ವಸ್ತುವಾಗಿರಲಿಲ್ಲ, ರಾಜಕಾರಣದ ವಸ್ತುವೂ ಆಗಿತ್ತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಾಣ್ಯ ಎಣಿಸಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪೆನಿಯ ಏಕಸ್ವಾಮ್ಯವೂ ಬಂದು ಕುಳಿತಿತು. ಕೆದಂಬಾಡಿ ರಾಮಯ್ಯ ಗೌಡರು ಮೊದಲಾದವರ ಮುಂದಾಳುತನದಲ್ಲಿ 1837ರಲ್ಲಿ ನಡೆದ ಅಮರಸುಳ್ಯದ ದಂಗೆಗೆ, ಅಂದರೆ ಜನರ ಬಾಯಲ್ಲಿ ಉಳಿದ 'ಕಲ್ಯಾಣಪ್ಪನ ಕಾಟಕಾಯಿ'ಗೆ, ಈ ಅಸಮಾಧಾನವೂ ಒಂದು ಕಾರಣ. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ರೈತರು ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನೇ ಹಿಡಿದರು. ಮುಂದೆ ಬ್ರಿಟಿಷರ ದಫ್ತರಿನಲ್ಲಿ ಇಡೀ ಸೀಮೆಗೆ ಉಪ್ಪಿನಂಗಡಿ ತಾಲೂಕು ಎಂಬ ಹೆಸರಾಯಿತು. ಇಂದಿನ ಪುತ್ತೂರು, ಸುಳ್ಯ, ಕಡಬದವರೆಲ್ಲರ ಅಜ್ಜಂದಿರು ಕಾಗದಪತ್ರದಲ್ಲಿ ಉಪ್ಪಿನಂಗಡಿಯವರೇ!

ಇನ್ನು ಉಬಾರ್. ಉಬ್ಬು, ಉಬ್ಬರ ಎಂಬ ಮಾತುಗಳನ್ನು ಬಲ್ಲವರಿಗೆ ಈ ಹೆಸರಿನಲ್ಲಿ ನೀರಿನ ಸದ್ದು ಕೇಳಿಸದಿರದು. ಹೊಳೆಗಳೆರಡು ಉಬ್ಬಿ ಬರುವ ಎಡೆ ಎಂಬುದೇ ಇದರ ಹುರುಳೆಂದು ನಾನು ಭಾವಿಸುತ್ತೇನೆ. ಬೇಸಗೆಯಲ್ಲಿ ಹೊಳೆಯ ಮರಳಿನ ನಡುವೆ ಉದ್ಭವಲಿಂಗಕ್ಕೆ ಪೂಜೆ ಸಲ್ಲುತ್ತದೆ, ಮಖೆ ಜಾತ್ರೆ ನಡೆಯುತ್ತದೆ. ಆಷಾಢ, ಶ್ರಾವಣಗಳಲ್ಲಿ ಅದೇ ನೀರು ಮೆಟ್ಟಿಲೇರಿ ಬರುತ್ತದೆ. ಎರಡು ಹೊಳೆಗಳ ನೆರೆ ದೇವಾಲಯದ ಮುಂದೆಯೇ ಕೂಡಿದಾಗ ಜನರು 'ಸಂಗಮವಾಯಿತು' ಎಂದು ಗಂಗಾಪೂಜೆ ಮಾಡುತ್ತಾರೆ. ಭಯವನ್ನು ಭಕ್ತಿಯನ್ನಾಗಿಸಿಕೊಂಡ ಹಿರಿಯರ ಜಾಣ್ಮೆ ಅದು. 1923ರ ಮಹಾಪೂರವನ್ನು ಕಂಡವರು ಈಗಿಲ್ಲ. 1974ರ ನೆರೆಯನ್ನು ಕಂಡವರು ಇದ್ದಾರೆ. 2019ರ ಆಗಸ್ಟ್ ತಿಂಗಳ ನೆರೆಯನ್ನಂತೂ ಎಳೆಯರೂ ಕಂಡಿದ್ದಾರೆ.

ವ್ಯಾಪಾರಿಗೆ ಕಂಡದ್ದು ಉಪ್ಪು, ಒಕ್ಕಲಿಗೆ ಕಂಡದ್ದು ನೀರು. ಎರಡನೆಯವನ ಕಣ್ಣು ಸುತ್ತಲಿನ ಸಣ್ಣ ಹೆಸರುಗಳಲ್ಲಿಯೂ ಇದೆ. ತರಗತಿಯಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಪದಗಳನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತಗ್ಗಿನಲ್ಲಿದ್ದು ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗೂ ನೀರು ದಕ್ಕುವ ಗದ್ದೆ ಬೈಲು. ಎರಡು ಬೆಳೆಯದು ಮಜಲು. ಮಳೆಯನ್ನೇ ನೆಚ್ಚಿ ಒಂದೇ ಬೆಳೆ ಕೊಡುವ ಎತ್ತರದ್ದು ಬೆಟ್ಟು. ಪುತ್ತೂರಿನ ಕೊಂಬೆಟ್ಟಿನಲ್ಲಿ ಬೆಟ್ಟು ಇದೆ; ಉಪ್ಪಿನಂಗಡಿಯ ನಟ್ಟಿಬೈಲಿನಲ್ಲಿ ನಟ್ಟಿಯೂ ಇದೆ, ಬೈಲೂ ಇದೆ. ಸೇತುವೆಯ ಈಚೆಗಿನ ನೆಕ್ಕಿಲಾಡಿಯಲ್ಲಿ ನೆಕ್ಕಿ ಗಿಡದ, ಕನ್ನಡದ ಲಕ್ಕಿಯ, ನೆನಪಿರುವಂತೆ ತೋರುತ್ತದೆ. ಕಡಬದ ಕಡೆ ಇನ್ನೊಂದು ನೆಕ್ಕಿಲಾಡಿ ಇರುವುದರಿಂದ ಕಂದಾಯದವರ ಅಂಕಿಗಳೇ ಊರ ಹೆಸರಿಗೆ ಅಂಟಿಕೊಂಡು ಇದು 34 ನೆಕ್ಕಿಲಾಡಿ, ಅದು 102 ನೆಕ್ಕಿಲಾಡಿ ಎಂದಾದವು. ಗಿಡವೊಂದು ಇಟ್ಟ ಹೆಸರಿಗೆ ಗುಮಾಸ್ತನೊಬ್ಬ ಇಟ್ಟ ಇನಿಷಿಯಲ್!

ಇಷ್ಟನ್ನು ಹೇಳುವುದಕ್ಕೆ ಕಾರಣವಿದೆ. ಅಡಿಕೆ, ರಬ್ಬರು, ಗೇರುಬೀಜಗಳಿಂದಲೂ ಪರದೇಶದ ದುಡಿಮೆಯಿಂದಲೂ ನಮ್ಮ ಪೇಟೆಗಳು ಸಿರಿವಂತವಾಗಿವೆ. ಅದು ಸಂತೋಷದ ಮಾತೇ. ಹಿಂದೆ ಹೊಳೆಯ ದಡದ ತಗ್ಗು ಉಳುವವನ ಪಾಲಾಗಿತ್ತು. ಮನೆಯನ್ನು ಆತ ಏರಿನಲ್ಲಿ ಕಟ್ಟುತ್ತಿದ್ದ. ಇಂದು ಉಪ್ಪಿನಂಗಡಿಯಲ್ಲಿ, ಪಯಸ್ವಿನಿಯ ದಡದ ಸುಳ್ಯದಲ್ಲಿ ಹೊಳೆ ಕಾಣುವ ನಿವೇಶನಕ್ಕೇ ಬೆಲೆ. ಬೈಲಿಗೆ ಕೆಂಪುಮಣ್ಣು ತುಂಬಿಸಿ, ಸಮತಟ್ಟು ಮಾಡಿ, ಯಾವುದೋ 'ನಗರ', 'ಲೇಔಟ್' ಎಂಬ ಫಲಕ ನೆಟ್ಟೊಡನೆ ನೆಲದ ಗುಣ ಬದಲಾಯಿತೆಂದು ಕೊಳ್ಳುವವರು ನಂಬುತ್ತಾರೆ. ಮಣ್ಣು ತುಂಬಿದ ಬೈಲಿನ ನೀರು ಎಲ್ಲಿಗೆ ಹೋಗಬೇಕು? ತನ್ನ ಎಡೆಯನ್ನು ಕಳೆದುಕೊಂಡ ನೆರೆ ಪಕ್ಕದ ಬಡವನ ಅಂಗಳವನ್ನು ಹೊಗುತ್ತದೆ. ದೊಡ್ಡ ನೆರೆಯಾದರೆ ಹೊಸ ಮನೆಯನ್ನೂ ಬಿಡದು. ಹೆಸರು ಕಳೆದಲ್ಲಿ ಎಚ್ಚರಿಕೆಯೂ ಕಳೆಯುತ್ತದೆ. ಕನ್ನಡದ ಹೆಸರೋ ತುಳುವಿನ ಹೆಸರೋ ಎಂಬ ಜಗಳ ನನ್ನದಲ್ಲ, ಎರಡನ್ನೂ ಉಳಿಸಿಕೊಳ್ಳೋಣ. ಒಂದು ನಮ್ಮ ಗಳಿಕೆಯ ಲೆಕ್ಕವಾದರೆ, ಮತ್ತೊಂದು ನಮ್ಮ ಅಪಾಯದ ಲೆಕ್ಕ.

ಆದುದರಿಂದ ಎಲ್ಲೆಲ್ಲಿಯೋ ನೆಲೆಸಿ, ಊರಿನಲ್ಲೊಂದು ಮನೆ ಕಟ್ಟಬೇಕೆಂಬ ಆಸೆಯುಳ್ಳ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಜಾಗದ ಪಹಣಿಯನ್ನು ನೋಡುವ ಮೊದಲು ನೆರೆಮನೆಯ ಹಿರಿಯರನ್ನು ಕೇಳಿ: ಈ ಗದ್ದೆಗೆ ಏನೆನ್ನುತ್ತಿದ್ದರು? ಎಪ್ಪತ್ತನಾಲ್ಕರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಉತ್ತರ ಸಿಕ್ಕಿದರೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ನನಗೂ ಒಂದು ಸಾಲು ತಿಳಿಸಿ. ಅಂಥ ಹೆಸರುಗಳನ್ನು ಬಲ್ಲವರು ಪ್ರತಿ ಮಳೆಗಾಲಕ್ಕೂ ಕಡಿಮೆಯಾಗುತ್ತಿದ್ದಾರೆ.